ವೈರಸ್ ರೋಗದ ಪತ್ತೆಗೆ ಕುರಿ-ದನಗಳ ಅಂಗಾಂಶ ಮಾದರಿ ಕಳುಹಿಸುವ ಕ್ರಮ

ಅಮೀನಗಡದ ಕುರಿ ಸಂತೆಯಿಂದ ತಂದ ಮರಿಗಳು ಹಿಂಡು ಸೇರಿದ ವಾರದೊಳಗೆ ಜ್ವರ, ಮೂಗು-ಕಣ್ಣಿನಿಂದ ನೀರು, ಬಾಯಿಹುಣ್ಣು ಮತ್ತು ಭೇದಿ ಒಂದರ ಹಿಂದೊಂದು ಕಾಣಿಸಿಕೊಂಡರೆ ಬಾಗಲಕೋಟೆ ಸೀಮೆಯ ಅನುಭವಿ ಕುರಿಗಾಹಿಗಳು ಅದನ್ನು ಹಿರೇಬೇನೆ, ಅಂದರೆ ಪಿಪಿಆರ್ ಎಂಬ ವೈರಸ್ ರೋಗ ಎಂದೇ ಹೇಳುತ್ತಾರೆ. ಅವರ ಊಹೆ ಅನೇಕ ಸಲ ಸರಿಯಾಗಿಯೇ ಇರುತ್ತದೆ. ಆದರೆ ನೀಲಿ ನಾಲಿಗೆ ರೋಗದಲ್ಲಿಯೂ ಬಾಯಿ ಹುಣ್ಣಾಗುತ್ತದೆ, ಕುರಿ ಸಿಡುಬಿನಲ್ಲಿಯೂ ಜ್ವರ ಬಂದು ಮೂಗು ಸೋರುತ್ತದೆ, ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿಯೂ ಉಸಿರಾಟ ಕಷ್ಟವಾಗುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಲಸಿಕೆ ಮತ್ತು ಬೇರೆ ಬೇರೆ ಉಪಚಾರವಿರುವುದರಿಂದ, ಹಿಂಡಿನ ಉಳಿದ ಕುರಿಗಳನ್ನು ಉಳಿಸಿಕೊಳ್ಳಬೇಕಾದರೆ ರೋಗದ ಹೆಸರು ಖಚಿತವಾಗಿ ಗೊತ್ತಾಗಲೇಬೇಕು, ಮತ್ತು ಆ ಖಚಿತತೆಯನ್ನು ಪ್ರಯೋಗಾಲಯವಷ್ಟೇ ಕೊಡಬಲ್ಲದು.

ಪ್ರಯೋಗಾಲಯದ ಉತ್ತರ ಎಷ್ಟು ಸ್ಪಷ್ಟವಾಗಿರುತ್ತದೆ ಎಂಬುದು ಬಹುಮಟ್ಟಿಗೆ ಹಟ್ಟಿಯಲ್ಲಿಯೇ ತೀರ್ಮಾನವಾಗಿರುತ್ತದೆ. ಯಾವ ಪ್ರಾಣಿಯಿಂದ, ರೋಗದ ಯಾವ ದಿನ, ಯಾವ ಅಂಗದ ಎಷ್ಟು ತುಂಡನ್ನು ಯಾವ ಸೀಸೆಗೆ ಹಾಕಲಾಯಿತು ಎಂಬುದೇ ಇಲ್ಲಿ ಮುಖ್ಯ. ಕೊಳೆತ ಮಾದರಿಯಿಂದ ಸರಿಯಾದ ಉತ್ತರ ತೆಗೆಯುವ ಯಂತ್ರ ಎಲ್ಲಿಯೂ ಇಲ್ಲ. ಈ ಬರಹ ಕುರಿ-ದನ ಸಾಕುವವರಿಗೂ, ಹಳ್ಳಿಯ ಪಶು ಚಿಕಿತ್ಸಾಲಯಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಉದ್ದೇಶಿಸಿದ್ದು. ಸತ್ತ ಪ್ರಾಣಿಯನ್ನು ಕೊಯ್ದು ನೋಡುವುದು ಪಶು ವೈದ್ಯರ ಕೆಲಸ. ಸಾಕುವವರು ಅದನ್ನು ಸ್ವತಃ ಮಾಡಬೇಕೆಂದು ಇದರ ಅರ್ಥವಲ್ಲ. ಆದರೆ ವೈದ್ಯರು ಬರುವ ಮೊದಲು ಮತ್ತು ಬಂದ ಮೇಲೆ ಏನಾಗಬೇಕು ಎಂಬುದು ಮಾಲೀಕರಿಗೆ ತಿಳಿದಿದ್ದರೆ ಕೆಲಸ ಅರ್ಧ ಹಗುರಾಗುತ್ತದೆ.

ಕತ್ತಿ ಹಚ್ಚುವ ಮೊದಲು

ನಿನ್ನೆ ಸಂಜೆ ಚೆನ್ನಾಗಿಯೇ ಮೇಯ್ದಿದ್ದ ದನ ಅಥವಾ ಕುರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದು, ಹೊಟ್ಟೆ ಬೇಗನೆ ಉಬ್ಬಿ, ಮೂಗು, ಬಾಯಿ ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಆ ಶವವನ್ನು ಯಾವ ಕಾರಣಕ್ಕೂ ಕೊಯ್ಯಬಾರದು. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿರಬಹುದು. ಇದು ವೈರಸ್ ರೋಗವಲ್ಲ, ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಶವವನ್ನು ತೆರೆದಾಗ ಗಾಳಿ ತಾಗಿದ ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ಆ ನೆಲದಲ್ಲಿ ದಶಕಗಳ ಕಾಲ ಉಳಿಯುತ್ತದೆ, ಮತ್ತು ಕೊಯ್ದವರ ಪ್ರಾಣಕ್ಕೂ ಅದು ಅಪಾಯಕಾರಿ. ಇಂಥ ಸಂದರ್ಭದಲ್ಲಿ ವೈದ್ಯರು ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ಫಲಿತಾಂಶ ಬರುವವರೆಗೆ ಶವವನ್ನು ಎಳೆದಾಡದೆ, ನಾಯಿಗಳು ಮುಟ್ಟದಂತೆ ಕಾಯಬೇಕು.

ಎಲ್ಲ ಸಾವಿಗೂ ವೈರಸ್ಸೇ ಕಾರಣವಲ್ಲ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿಜಯಪುರದ ಜೋಳದ ಹೊಲಗಳಲ್ಲಿ ಕೊಯ್ಲಾದ ಮೇಲೆ ಕೂಳೆಯಿಂದ ಒಡೆದ ಎಳೆ ಚಿಗುರನ್ನು ಮೇಯ್ದ ದನಗಳು ಸಾಯನೈಡ್ ವಿಷದಿಂದ ನಿಮಿಷಗಳಲ್ಲಿ ಉರುಳುವುದುಂಟು. ಸುಗ್ಗಿಯ ಹೊಲದಲ್ಲಿ ಕಾಳು ಹೊಟ್ಟೆತುಂಬ ತಿಂದ ಗಟ್ಟಿಮುಟ್ಟಾದ ಕುರಿಗಳು ಕರುಳುಬೇನೆಯಿಂದ ಹಠಾತ್ತಾಗಿ ಸಾಯುವುದೂ ಹೊಸದಲ್ಲ. ಆದ್ದರಿಂದ ಕಳೆದ ಎರಡು ದಿನ ಪ್ರಾಣಿ ಎಲ್ಲಿ ಮೇಯ್ದಿತು, ಏನು ತಿಂದಿತು ಎಂಬುದನ್ನು ವೈದ್ಯರು ಕೇಳದಿದ್ದರೂ ಮಾಲೀಕರು ಹೇಳಬೇಕು. ವಿಷದ ಸಂಶಯವಿದ್ದರೆ ಸಂಗ್ರಹಿಸುವ ಮಾದರಿಯೇ ಬೇರೆ, ಸೀಸೆಯೂ ಬೇರೆ.

ಕರೆ ಮಾಡುವುದನ್ನು ತಡಮಾಡಬಾರದು. ಹತ್ತಿರದ ಪಶು ಆಸ್ಪತ್ರೆಗೆ ಹೇಳುವುದು ಮೊದಲ ದಾರಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನವೂ ಸಿಗುತ್ತದೆ. 2009ರ ಪ್ರಾಣಿಗಳ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಕಾಯ್ದೆಯ ಪ್ರಕಾರ, ಪಟ್ಟಿಯಲ್ಲಿರುವ ರೋಗದ ಸಂಶಯ ಬಂದಾಗ ವರದಿ ಮಾಡುವುದು ಮಾಲೀಕರ ಕರ್ತವ್ಯವೇ ಆಗಿದೆ. ಸುದ್ದಿ ಹಬ್ಬಿದರೆ ಸಂತೆಯಲ್ಲಿ ಕುರಿ ಮಾರಾಟವಾಗುವುದಿಲ್ಲ ಎಂಬ ಅಂಜಿಕೆಯಿಂದ ರೋಗವನ್ನು ಮುಚ್ಚಿಟ್ಟು ಉಳಿದ ಕುರಿಗಳನ್ನು ಅವಸರದಲ್ಲಿ ಮಾರುವವರಿದ್ದಾರೆ. ಅವರ ನಷ್ಟ ಕಡಿಮೆಯಾಗುವುದೋ ಇಲ್ಲವೋ, ರೋಗವಂತೂ ಹತ್ತು ಹಳ್ಳಿಗೆ ಹರಡುತ್ತದೆ.

ಯಾವ ಪ್ರಾಣಿಯನ್ನು ಆರಿಸಬೇಕು

ಬಹಳಷ್ಟು ಮಾದರಿಗಳು ಕೆಡುವುದು ಈ ಹಂತದಲ್ಲಿ. ಹಿಂಡಿನಲ್ಲಿ ತೀರ ನಿತ್ರಾಣವಾಗಿ ಬಿದ್ದ, ಹತ್ತು-ಹನ್ನೆರಡು ದಿನಗಳಿಂದ ನರಳುತ್ತಿರುವ ಕುರಿಯನ್ನೇ ತೋರಿಸುವುದು ಸಹಜ. ಆದರೆ ಅಷ್ಟು ಹೊತ್ತಿಗೆ ಅದರ ಶರೀರದಲ್ಲಿ ವೈರಸ್ ಕಡಿಮೆಯಾಗಿ, ಹಿಂದಿನಿಂದ ಸೇರಿಕೊಂಡ ಬ್ಯಾಕ್ಟೀರಿಯಾಗಳೇ ತುಂಬಿಕೊಂಡಿರುತ್ತವೆ. ಬೇಕಾದದ್ದು ಎರಡು-ಮೂರು ದಿನಗಳ ಹಿಂದೆ ಜ್ವರ ಬಂದ, ಮೂಗಿನ ಸಿಂಬಳ ಇನ್ನೂ ನೀರಿನಂತೆ ತಿಳಿಯಾಗಿರುವ ಪ್ರಾಣಿ. ಸಿಂಬಳ ಹಳದಿಯಾಗಿ ಗಟ್ಟಿಯಾಗಿ ಮೂಗಿನ ಹೊಳ್ಳೆಯನ್ನು ಮುಚ್ಚಿಬಿಟ್ಟಿದ್ದರೆ ಒಳ್ಳೆಯ ಸಮಯ ಮೀರುತ್ತ ಬಂದಿದೆ ಎಂದೇ ತಿಳಿಯಬೇಕು. ಹಾಗಾಗಿ ರೋಗದ ಬೇರೆ ಬೇರೆ ಹಂತದಲ್ಲಿರುವ ಹಲವು ಪ್ರಾಣಿಗಳಿಂದ ಮಾದರಿ ತೆಗೆಯುವುದು ಜಾಣತನ. ಒಂದೇ ಕುರಿಯ ಮಾದರಿಯನ್ನು ನಂಬಿ ಇಡೀ ಹಿಂಡಿನ ಹಣೆಬರಹ ಬರೆಯಲಾಗದು.

ಬದುಕಿರುವ ಪ್ರಾಣಿಗಳಿಂದ ಕಣ್ಣಿನ ಒಳರೆಪ್ಪೆ, ಮೂಗು, ಬಾಯಿ ಮತ್ತು ಗುದದ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದ ಸ್ವಾಬ್‌ಗಳನ್ನು ತೆಗೆಯಲಾಗುತ್ತದೆ. ಇದರ ಜೊತೆಗೆ ಎರಡು ನಳಿಗೆ ರಕ್ತ ಬೇಕು. ಒಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ನಳಿಗೆ. ಇದನ್ನು ತಂಪಾಗಿಡಬೇಕು, ಹೆಪ್ಪುಗಟ್ಟುವಂತೆ ಫ್ರೀಜರಿನಲ್ಲಿ ಇಡಬಾರದು. ಇನ್ನೊಂದು, ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ ಬೇರ್ಪಡಿಸಲು ಬಳಸುವ ಸಾದಾ ನಳಿಗೆ. ಸತ್ತ ಪ್ರಾಣಿ ಇಲ್ಲದಿದ್ದರೂ ಇಷ್ಟರಿಂದಲೇ ಬಹಳಷ್ಟು ತಿಳಿಯುತ್ತದೆ.

ಸತ್ತ ಪ್ರಾಣಿಯಿಂದ ಅಂಗಾಂಶ ತೆಗೆಯುವುದು

ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಕರುಳಿನ ಒಳಪದರ ಕೆಲವೇ ತಾಸುಗಳಲ್ಲಿ ಕಳಚಿ ಹೋಗುತ್ತದೆ, ಅದಾದ ಮೇಲೆ ಎಷ್ಟೇ ತುಂಡು ಕತ್ತರಿಸಿ ಕಳುಹಿಸಿದರೂ ಪ್ರಯೋಜನವಿಲ್ಲ. ವೈದ್ಯರು ಬರುವವರೆಗೆ ಶವವನ್ನು ಮರದ ನೆರಳಿಗೋ ತಗಡಿನ ಚಪ್ಪರವಲ್ಲದ ತಂಪಾದ ಜಾಗಕ್ಕೋ ಸರಿಸಿ, ಒದ್ದೆ ಗೋಣಿಚೀಲ ಹೊದಿಸಿಡಬೇಕು. ಮುಂಜಾನೆ ಸತ್ತ ಪ್ರಾಣಿಯನ್ನು ಮಧ್ಯಾಹ್ನದೊಳಗೆ ಪರೀಕ್ಷಿಸುವಂತಾದರೆ ಒಳ್ಳೆಯದು.

ಹಿರೇಬೇನೆಯ ಸಂಶಯವಿದ್ದಾಗ ವೈದ್ಯರು ಶವ ತೆರೆದು ಮೊದಲು ನೋಡುವುದು ಬಾಯಿಯ ಒಳಭಾಗ, ನಾಲ್ಕನೆಯ ಹೊಟ್ಟೆ, ದೊಡ್ಡ ಕರುಳಿನ ಕೊನೆಯ ಭಾಗ ಮತ್ತು ಶ್ವಾಸಕೋಶಗಳನ್ನು. ದೊಡ್ಡ ಕರುಳನ್ನು ಉದ್ದಕ್ಕೆ ಸೀಳಿ ತೆರೆದಾಗ ಒಳಗಿನ ಮಡಿಕೆಗಳ ತುದಿಯುದ್ದಕ್ಕೂ ಕೆಂಪು ರಕ್ತದ ಗೆರೆಗಳು ಸಾಲುಸಾಲಾಗಿ ಕಾಣುತ್ತವೆ. ಪಶು ವೈದ್ಯರು ಇದನ್ನು ಜೀಬ್ರಾ ಪಟ್ಟೆ ಎನ್ನುತ್ತಾರೆ. ಆದರೆ ಈ ಪಟ್ಟೆ ಎಲ್ಲ ಹಿರೇಬೇನೆಯ ಶವಗಳಲ್ಲಿಯೂ ಇರುವುದಿಲ್ಲ, ಬೇರೆ ಭೇದಿ ರೋಗಗಳಲ್ಲಿಯೂ ಕಾಣಬಹುದು. ಕಣ್ಣಿಗೆ ಕಂಡದ್ದರಿಂದಲೇ ತೀರ್ಮಾನಕ್ಕೆ ಬರಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ತೆಗೆಯಬೇಕಾದ ಅಂಗಾಂಶಗಳು ಇವು: ಕರುಳಿನ ಪೊರೆಯಲ್ಲಿರುವ ಮತ್ತು ಶ್ವಾಸನಾಳದ ಬುಡದಲ್ಲಿರುವ ದುಗ್ಧಗ್ರಂಥಿಗಳು, ಗುಲ್ಮ, ಶ್ವಾಸಕೋಶ ಮತ್ತು ಕರುಳಿನ ಒಳಪದರ. ಕರುಳಿನ ಪೊರೆಯನ್ನು ಬೆಳಕಿಗೆ ಎತ್ತಿ ಹಿಡಿದರೆ ಕೊಬ್ಬಿನ ನಡುವೆ ಅವರೆಕಾಳಿಗಿಂತ ದೊಡ್ಡದಾದ, ಊದಿ ಒದ್ದೆಯಾಗಿ ಹೊಳೆಯುವ ಬೂದುಬಣ್ಣದ ಗಂಟುಗಳು ಕಾಣುತ್ತವೆ, ಅವೇ ದುಗ್ಧಗ್ರಂಥಿಗಳು. ಪಿಪಿಆರ್ ವೈರಸ್ಸಿಗೆ ಇಂಥ ಗ್ರಂಥಿಗಳ ಜೀವಕೋಶಗಳೆಂದರೆ ವಿಶೇಷ ಒಲವು, ಆದ್ದರಿಂದ ಇವುಗಳನ್ನು ಬಿಟ್ಟು ಬರೀ ಯಕೃತ್ತು-ಮೂತ್ರಪಿಂಡಗಳ ತುಂಡು ಕಳುಹಿಸಿದರೆ ಹುಡುಕಬೇಕಾದ ಕಡೆ ಬಿಟ್ಟು ಬೇರೆಲ್ಲೋ ಹುಡುಕಿದ ಹಾಗಾಗುತ್ತದೆ. ಶ್ವಾಸಕೋಶವನ್ನು ಕತ್ತರಿಸುವಾಗ ಪೂರ್ತಿ ಗಟ್ಟಿಯಾಗಿ ಹೋದ ಭಾಗದ ನಡುವಿನಿಂದ ತೆಗೆಯದೆ, ರೋಗ ತಗುಲಿದ ಭಾಗವೂ ಚೆನ್ನಾಗಿರುವ ಭಾಗವೂ ಕೂಡುವ ಅಂಚಿನಿಂದ ತೆಗೆಯಬೇಕು. ರೋಗ ಹೇಗೆ ಮುಂದುವರಿಯುತ್ತಿದೆ ಎಂಬುದು ಆ ಅಂಚಿನಲ್ಲಿಯೇ ಕಾಣುವುದು. ಒಂದು ಅಂಗದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿ, ಚಿಮಟಗಳನ್ನು ಶುಚಿಗೊಳಿಸುವುದು, ಕರುಳನ್ನು ಕೊನೆಗೆ ಮುಟ್ಟುವುದು ಮತ್ತು ಕರುಳಿನ ತುಂಡನ್ನು ಉಳಿದವುಗಳ ಜೊತೆ ಒಂದೇ ಸೀಸೆಯಲ್ಲಿ ಸೇರಿಸದಿರುವುದು ಅಗತ್ಯ. ಸೇರಿಸಿದರೆ ಕರುಳಿನ ಬ್ಯಾಕ್ಟೀರಿಯಾ ಎಲ್ಲವನ್ನೂ ಕೆಡಿಸುತ್ತದೆ.

ಎರಡು ಜೊತೆ ಮಾದರಿ: ಒಂದು ಮಂಜಿನಲ್ಲಿ, ಒಂದು ಫಾರ್ಮಲಿನ್‌ನಲ್ಲಿ

ಪ್ರತಿಯೊಂದು ಅಂಗದಿಂದಲೂ ಎರಡು ತುಂಡು ತೆಗೆಯಬೇಕು, ಏಕೆಂದರೆ ಅವು ಉತ್ತರಿಸುವ ಪ್ರಶ್ನೆಗಳೇ ಬೇರೆ.

ಮೊದಲ ತುಂಡು ಹಸಿಯಾಗಿಯೇ, ಯಾವ ರಾಸಾಯನಿಕವನ್ನೂ ಸೇರಿಸದೆ, ಸ್ಟೆರೈಲ್ ಆದ ತಿರುಪು ಮುಚ್ಚಳದ ಡಬ್ಬಿಯಲ್ಲಿ ಮಂಜುಗಡ್ಡೆಯ ಮೇಲೆ ಹೋಗಬೇಕು. ವೈರಸ್ಸಿನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ಪರೀಕ್ಷೆ, ಅದರ ಪ್ರೋಟೀನನ್ನು ಹಿಡಿಯುವ ಎಲಿಸಾ ಪರೀಕ್ಷೆ ಮತ್ತು ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸುವ ಕೆಲಸ ನಡೆಯುವುದು ಇದರ ಮೇಲೆ. ಒಂದೆರಡು ದಿನದೊಳಗೆ ಪ್ರಯೋಗಾಲಯ ಮುಟ್ಟುವಂತಿದ್ದರೆ 4 ಡಿಗ್ರಿ ಸೆಲ್ಸಿಯಸ್‌ನ ತಂಪು ಸಾಕು. ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿಟ್ಟು, ಕರೆಂಟು ಹೋಗಿ ಕರಗಿ, ಮತ್ತೆ ಗಟ್ಟಿಯಾಗುವ ಮಾದರಿಗಿಂತ ಮಂಜಿನ ಪೆಟ್ಟಿಗೆಯಲ್ಲಿ ಒಂದೇ ಸಮನೆ ತಂಪಾಗಿರುವ ಮಾದರಿ ಮೇಲು.

ಎರಡನೆಯದು ಹತ್ತು ಶೇಕಡಾ ಫಾರ್ಮಲಿನ್‌ನಲ್ಲಿ ಹೋಗಬೇಕು. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ದ್ರಾವಣದ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಸೇರಿಸಿದರೆ ಇದು ಸಿದ್ಧವಾಗುತ್ತದೆ. ಹುಳಿಯಾಗದಂತೆ ತಡೆಯುವ ಲವಣ, ಅಂದರೆ ಬಫರ್ ಸೇರಿಸಿದ್ದಾದರೆ ಇನ್ನೂ ಉತ್ತಮ. ಇದರ ಆವಿ ಕಣ್ಣು-ಮೂಗುಗಳಿಗೆ ತೀಕ್ಷ್ಣವಾದುದರಿಂದ ಬಯಲಿನಲ್ಲಿ, ಕೈಗವಸು ಹಾಕಿಕೊಂಡು ಬೆರೆಸಬೇಕು. ಅಂಗಾಂಶದ ತುಂಡು ಎರಡು ಜೋಳದ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು, ಅಂದರೆ ಅರ್ಧ ಸೆಂಟಿಮೀಟರಿಗಿಂತ ದಪ್ಪವಿರಬಾರದು, ಮತ್ತು ದ್ರಾವಣ ತುಂಡಿನ ಹತ್ತು ಪಟ್ಟು ಇರಬೇಕು. ಮುಷ್ಟಿಗಾತ್ರದ ಯಕೃತ್ತನ್ನು ಸಣ್ಣ ಬಾಯಿಯ ಸೀಸೆಗೆ ತುರುಕಿ ಮೇಲೆ ಸ್ವಲ್ಪ ಫಾರ್ಮಲಿನ್ ಸುರಿದು ಕಳುಹಿಸುವ ರೂಢಿ ಇನ್ನೂ ಹೋಗಿಲ್ಲ. ಅಂಥ ತುಂಡು ಹೊರಗೆ ಗಟ್ಟಿಯಾಗಿ ಒಳಗೆ ಕೊಳೆತಿರುತ್ತದೆ, ಮೇಲಾಗಿ ಗಟ್ಟಿಯಾದದ್ದು ಆ ಸಣ್ಣ ಬಾಯಿಯಿಂದ ಹೊರಗೆ ಬರುವುದೂ ಇಲ್ಲ. ಫಾರ್ಮಲಿನ್ ಸೀಸೆಯನ್ನು ಎಂದಿಗೂ ಹೆಪ್ಪುಗಟ್ಟಿಸಬಾರದು. ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳಿಬಿಡುತ್ತವೆ.

ಫಾರ್ಮಲಿನ್ ವೈರಸ್ಸನ್ನು ಕೊಲ್ಲುತ್ತದೆ, ಆದರೆ ವೈರಸ್ ಮಾಡಿದ ಹಾನಿಯನ್ನು ಇದ್ದಂತೆಯೇ ಉಳಿಸಿಡುತ್ತದೆ. ಆ ತುಂಡನ್ನು ಮೇಣದಲ್ಲಿ ಹುದುಗಿಸಿ, ನಾಲ್ಕೈದು ಮೈಕ್ರಾನ್ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಿರೇಬೇನೆಯಲ್ಲಿ ಹಲವು ಜೀವಕೋಶಗಳು ಕೂಡಿಕೊಂಡ ದೈತ್ಯ ಕೋಶಗಳೂ ಅವುಗಳೊಳಗೆ ವೈರಸ್ ಸೋಂಕಿನ ಗುರುತಾದ ಗುಲಾಬಿ ಬಣ್ಣದ ಚುಕ್ಕೆಗಳೂ, ಅಂದರೆ ಸೇರ್ಪಡೆ ಕಾಯಗಳೂ ಕಾಣುತ್ತವೆ. ಕುರಿ ಸಿಡುಬಿನಲ್ಲಿ ಅಂಥ ಕಾಯಗಳು ಚರ್ಮದ ಜೀವಕೋಶದ್ರವದಲ್ಲಿ ಕಾಣುತ್ತವೆ.

ಕಾಲುಬಾಯಿ ಬೇನೆ, ಚರ್ಮಗಂಟು ರೋಗ, ನೀಲಿ ನಾಲಿಗೆ

ಕಬ್ಬು ನುರಿಸುವ ಕಾಲದಲ್ಲಿ ಬೆಳಗಾವಿ ಮತ್ತು ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಬೇರೆ ಬೇರೆ ಊರಿನ ಎತ್ತಿನ ಗಾಡಿಗಳು ಸಾಲುಗಟ್ಟುವುದರಿಂದ ಕಾಲುಬಾಯಿ ಬೇನೆಗೆ ಅದು ಅನುಕೂಲದ ಕಾಲ. ಇದರ ಪತ್ತೆಗೆ ನಾಲಿಗೆ ಅಥವಾ ಗೊರಸಿನ ಸಂದಿಯಲ್ಲಿ ಆಗತಾನೇ ಒಡೆದ ಗುಳ್ಳೆಯ ಸಿಪ್ಪೆ ಸುಮಾರು ಒಂದು ಗ್ರಾಮಿನಷ್ಟು ಬೇಕು. ಈ ವೈರಸ್ ಹುಳಿಯನ್ನು ತಾಳಿಕೊಳ್ಳುವುದಿಲ್ಲ. ಆದ್ದರಿಂದ ಸಿಪ್ಪೆಯನ್ನು ಸಾದಾ ನೀರಿನಲ್ಲಿಯೂ ಫಾರ್ಮಲಿನ್‌ನಲ್ಲಿಯೂ ಹಾಕದೆ, ಹುಳಿಯ ಅಳತೆಯಾದ ಪಿಎಚ್ 7.2ರಿಂದ 7.6ರ ನಡುವೆ ಇರುವ, ಗ್ಲಿಸರಿನ್ ಮತ್ತು ಫಾಸ್ಫೇಟ್ ಬಫರ್ ಸಮಭಾಗ ಸೇರಿಸಿದ ದ್ರಾವಣದಲ್ಲಿ ಇಡಬೇಕು. ಎತ್ತಿನ ಬಾಯಿಯನ್ನು ಪಟಕದ ನೀರಿನಿಂದಲೋ ಪೊಟ್ಯಾಷಿಯಂ ಪರಮಾಂಗನೇಟಿನಿಂದಲೋ ತೊಳೆಯುವುದು ಒಳ್ಳೆಯ ಉಪಚಾರವೇ ಸರಿ, ಆದರೆ ಮಾದರಿ ತೆಗೆದ ನಂತರವೇ ತೊಳೆಯಬೇಕು. ನಮ್ಮ ದೇಶದಲ್ಲಿ ಈ ರೋಗದ ವೈರಸ್ ಒ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳಲ್ಲಿ ಕಾಣುವುದರಿಂದ, ರೋಗ ಇದೆ ಎಂಬುದರ ಜೊತೆಗೆ ಯಾವ ಬಗೆ ಎಂಬುದೂ ಲಸಿಕೆಯ ದೃಷ್ಟಿಯಿಂದ ಮುಖ್ಯ.

ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಂಡದ್ದು 2019ರಲ್ಲಿ ಒಡಿಶಾದಲ್ಲಿ. 2022ರಲ್ಲಿ ಅದು ನಮ್ಮ ರೈತರನ್ನೂ ಬಿಡಲಿಲ್ಲ. ಇದರ ಮಾದರಿ ಉಳಿದವುಗಳಿಗಿಂತ ಸುಲಭ. ಗಂಟಿನ ಮೇಲಿನ ಹಕ್ಕಳೆಯನ್ನು ಚಿಮಟದಿಂದ ಎತ್ತಿ ಒಣ ಡಬ್ಬಿಯಲ್ಲಿ ಹಾಕಿದರೆ ಸಾಕು, ಸಿಡುಬಿನ ಕುಟುಂಬದ ಈ ವೈರಸ್ ಒಣ ಹಕ್ಕಳೆಯಲ್ಲಿಯೂ ವಾರಗಟ್ಟಲೆ ಉಳಿಯುತ್ತದೆ. ಇದೇ ಗುಣದಿಂದಾಗಿ ಕೊಟ್ಟಿಗೆಯಲ್ಲಿ ಉದುರಿದ ಹಕ್ಕಳೆಯನ್ನು ಗುಡಿಸಿ ಸುಡಬೇಕಾಗುತ್ತದೆ.

ಮಳೆಗಾಲದ ಕೊನೆಗೆ ಕಚ್ಚುನುಸಿಗಳಿಂದ ಹರಡುವ ನೀಲಿ ನಾಲಿಗೆ ರೋಗಕ್ಕೆ ಜ್ವರವಿರುವಾಗ ತೆಗೆದ ಇಡಿಟಿಎ ರಕ್ತವೇ ಮುಖ್ಯ, ಸತ್ತ ಕುರಿಯಿಂದಾದರೆ ಗುಲ್ಮ ಮತ್ತು ದುಗ್ಧಗ್ರಂಥಿ.

ಹುಚ್ಚುನಾಯಿ ರೋಗದ ಸಂಶಯವಿದ್ದರೆ

ಇಲ್ಲಿ ನಿಯಮಗಳು ಬೇರೆ. ಎಮ್ಮೆಯೋ ಆಕಳೋ ಜೊಲ್ಲು ಸುರಿಸುತ್ತ, ನೀರು ನುಂಗಲಾರದೆ, ವಿಚಿತ್ರ ದನಿಯಲ್ಲಿ ಕೂಗುತ್ತಿದ್ದರೆ ಕಬ್ಬಿನ ತುಂಡು ಗಂಟಲಿಗೆ ಸಿಕ್ಕಿದೆ ಎಂದು ಭಾವಿಸಿ ಬಾಯಿಯೊಳಗೆ ಕೈ ಹಾಕುವುದು ನಮ್ಮ ಕಬ್ಬಿನ ಸೀಮೆಯಲ್ಲಿ ಬಹಳ ಸಹಜವಾಗಿ ನಡೆಯುತ್ತದೆ. ರೇಬೀಸ್ ಇದ್ದಾಗಲೂ ಇವೇ ಲಕ್ಷಣಗಳಿರುತ್ತವೆ. ನಾಯಿ ಕಚ್ಚಿದ್ದು ಯಾರ ಗಮನಕ್ಕೂ ಬಂದಿರದಿದ್ದರೂ ಇಂಥ ದನದ ಬಾಯಿಗೆ ಬರಿಗೈ ಹಾಕಬಾರದು. ಹಾಕಿಬಿಟ್ಟಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಪ್ರಯೋಗಾಲಯದ ವರದಿಗೆ ಕಾಯದೆ ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪ್ರಾರಂಭಿಸಬೇಕು.

ರೇಬೀಸ್ ಖಚಿತಪಡಿಸಲು ಬೇಕಾದದ್ದು ಮಿದುಳು, ಅದರಲ್ಲಿಯೂ ಮಿದುಳುಕಾಂಡ ಮತ್ತು ಕಿರುಮಿದುಳು. ರೇಬೀಸ್ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರುವ ವೈದ್ಯರು ಅಥವಾ ಸಿಬ್ಬಂದಿಯಷ್ಟೇ ಕೈಗವಸು, ಕನ್ನಡಕ, ಮುಖಗವಸು ಹಾಕಿಕೊಂಡು ಇದನ್ನು ತೆಗೆಯಬೇಕು. ತಲೆಬುರುಡೆಯನ್ನು ಒಡೆಯದೆಯೇ, ಕತ್ತಿನ ಹಿಂಭಾಗದಲ್ಲಿ ಬೆನ್ನುಹುರಿ ಒಳಸೇರುವ ರಂಧ್ರದ ಮೂಲಕ ಪ್ಲಾಸ್ಟಿಕ್ ನಳಿಗೆ ತೂರಿಸಿ ಮಾದರಿ ತೆಗೆಯುವ ವಿಧಾನ ಹಳ್ಳಿಯ ಪರಿಸ್ಥಿತಿಗೆ ಹೆಚ್ಚು ಸುರಕ್ಷಿತ. ಸಂಶಯದ ನಾಯಿಯನ್ನು ಜನ ತಲೆಗೆ ಹೊಡೆದು ಕೊಂದರೆ ಪರೀಕ್ಷೆಗೆ ಬೇಕಾದ ಭಾಗವೇ ಹಾಳಾಗುತ್ತದೆ ಎಂಬುದನ್ನು ಊರಿನಲ್ಲಿ ಹೇಳಬೇಕು. ಮಿದುಳಿನ ತುಂಡು ಮಂಜಿನಲ್ಲಿ ಹೋಗಬೇಕು. ಫಾರ್ಮಲಿನ್‌ನಲ್ಲಿ ಹಾಕಿದರೆ ವೈರಸ್ಸನ್ನು ಹೊಳೆಯುವಂತೆ ಮಾಡಿ ತೋರಿಸುವ ಸಾಮಾನ್ಯ ಪ್ರತಿದೀಪ್ತಿ ಪರೀಕ್ಷೆಗೆ ಅದು ಒದಗುವುದಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ ಈ ಕೆಲಸಕ್ಕೆ ಹೆಸರಾದದ್ದು, ಮತ್ತು ಮಾದರಿ ತಲುಪಿದ ಮೇಲೆ ಪರೀಕ್ಷೆಗೆ ಹಿಡಿಯುವುದು ಕೆಲವು ತಾಸುಗಳಷ್ಟೇ.

ಕೋಳಿಗಳು ಒಮ್ಮೆಲೇ ದೊಡ್ಡ ಸಂಖ್ಯೆಯಲ್ಲಿ ಸತ್ತರೆ ಅವನ್ನು ಫಾರಂನಲ್ಲಿ ಕೊಯ್ಯಬಾರದು. ಅದು ಕೊಕ್ಕರೆ ರೋಗವೇ (ರಾಣಿಖೇತ್) ಇರಬಹುದು, ಆದರೆ ಹಕ್ಕಿಜ್ವರವಲ್ಲ ಎಂದು ಭೋಪಾಲದ ಉನ್ನತ ಸುರಕ್ಷತಾ ಪ್ರಯೋಗಾಲಯ ಹೇಳುವ ಮೊದಲು ಯಾರೂ ಹೇಳಲಾರರು.

ಚೀಟಿ, ಪೆಟ್ಟಿಗೆ, ಪ್ರಯಾಣ

ಪ್ರತಿ ಡಬ್ಬಿಯ ಮೇಲೂ ಪ್ರಾಣಿಯ ಕಿವಿಯೋಲೆ ಸಂಖ್ಯೆ, ಅಂಗದ ಹೆಸರು ಮತ್ತು ದಿನಾಂಕ ಇರಬೇಕು. ಬಾಲ್‌ಪೆನ್ನಿನ ಶಾಯಿ ಮಂಜಿನ ನೀರಿಗೂ ಫಾರ್ಮಲಿನ್ನಿಗೂ ಅಳಿಸಿಹೋಗುವುದರಿಂದ ಗಟ್ಟಿ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆಯುವುದೇ ಒಳ್ಳೆಯದು. ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ, ಹತ್ತಿಯಲ್ಲಿ ಸುತ್ತಿ, ಸೋರದ ಎರಡನೆಯ ಡಬ್ಬಿಯಲ್ಲಿಟ್ಟು, ಅದನ್ನು ಐಸ್ ಪ್ಯಾಕ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡಬೇಕು. ಮೂರು ಪದರದ ಈ ಕಟ್ಟು ಅಂತರರಾಷ್ಟ್ರೀಯ ನಿಯಮವೂ ಹೌದು. ಕಾಗದಪತ್ರಗಳನ್ನು ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಬೇಕು.

ಜೊತೆಗೆ ಹೋಗುವ ಪತ್ರವನ್ನು ಬಹಳ ಜನ ಹಗುರವಾಗಿ ಕಾಣುತ್ತಾರೆ. "ಕುರಿ ಸತ್ತಿದೆ, ಪರೀಕ್ಷಿಸಿ ಕಳುಹಿಸಿ" ಎಂಬ ಒಂದು ಸಾಲಿನ ಪತ್ರದಿಂದ ಪ್ರಯೋಗಾಲಯದವರು ಯಾವ ರೋಗಕ್ಕೆ ಯಾವ ಪರೀಕ್ಷೆ ಮಾಡಬೇಕು? ಹಿಂಡಿನಲ್ಲಿ ಒಟ್ಟು ಎಷ್ಟು ಕುರಿಗಳಿವೆ, ಎಷ್ಟಕ್ಕೆ ರೋಗ ಬಂದಿದೆ, ಎಷ್ಟು ಸತ್ತಿವೆ, ಮರಿಗಳು ಸತ್ತವೋ ದೊಡ್ಡವೋ, ಮೊದಲ ಲಕ್ಷಣ ಕಂಡ ದಿನ, ಹೊಸದಾಗಿ ತಂದ ಪ್ರಾಣಿ, ವಲಸೆ ಹೋದ ದಾರಿ, ಕೊಟ್ಟ ಔಷಧಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಯಾವ ಲಸಿಕೆ ಯಾವಾಗ ಹಾಕಿಸಿದ್ದು ಎಂಬುದನ್ನು ಬರೆಯಬೇಕು. ವಲಸೆ ಕುರಿಗಾಹಿಗಳಿಗೆ ಕೊನೆಯ ಮೂರು-ನಾಲ್ಕು ತಂಗುದಾಣಗಳ ಹೆಸರು ಬಾಯಿಪಾಠವಿರುತ್ತದೆ. ಕೇಳಿ ಬರೆದುಕೊಳ್ಳುವವರು ಬೇಕಷ್ಟೇ.

ಒಂದು ಕಾಲಕ್ಕೆ ಮೈಸೂರು ಸೀರಂ ಸಂಸ್ಥೆ ಎನಿಸಿಕೊಂಡಿದ್ದ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯವರೆಗೆ ನಮ್ಮ ಜಿಲ್ಲೆಗಳಿಂದ ಸುಮಾರು ಐನೂರು ಕಿಲೋಮೀಟರ್ ದಾರಿ ಇದೆ. ರಾತ್ರಿಯ ಪ್ರಯಾಣ ತಂಪಿಗೂ ಒಳ್ಳೆಯದು. ಶುಕ್ರವಾರ ಸಂಜೆ ಕಳುಹಿಸಿದ ಪೆಟ್ಟಿಗೆ ಸೋಮವಾರದವರೆಗೆ ಯಾವುದೋ ಮೂಲೆಯಲ್ಲಿ ಕುಳಿತು ಬೆಚ್ಚಗಾಗುವ ಸಂಭವವಿರುವುದರಿಂದ ಮೊದಲೇ ಫೋನ್ ಮಾಡಿ, ತೆಗೆದುಕೊಳ್ಳುವವರು ಇದ್ದಾರೆಂದು ತಿಳಿದುಕೊಂಡು ಕಳುಹಿಸಬೇಕು. ಮಾದರಿಯನ್ನು ತಾಲ್ಲೂಕು ಪಶು ಆಸ್ಪತ್ರೆಯ ಮೂಲಕವೇ ಕಳುಹಿಸಿದರೆ ವರದಿಯೂ ಅದೇ ದಾರಿಯಲ್ಲಿ ಮರಳಿ ಬರುತ್ತದೆ.

ವರದಿಯನ್ನು ಓದುವುದು

ವೈರಸ್ಸಿನ ಆರ್‌ಎನ್‌ಎ ಅಥವಾ ಡಿಎನ್‌ಎಯನ್ನು ಹುಡುಕುವುದು ಪಿಸಿಆರ್. ವೈರಸ್ಸಿನ ಪ್ರೋಟೀನನ್ನು ಹಿಡಿಯುವುದು ಸ್ಯಾಂಡ್‌ವಿಚ್ ಎಲಿಸಾ. ವೈರಸ್ಸಿನ ವಿರುದ್ಧ ಪ್ರಾಣಿಯ ಶರೀರ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುವುದು ಕಾಂಪಿಟಿಟಿವ್ ಎಲಿಸಾ. ಮೊದಲ ಎರಡರಲ್ಲಿ ಪಾಸಿಟಿವ್ ಬಂದರೆ ವೈರಸ್ ಆ ಅಂಗಾಂಶದಲ್ಲಿತ್ತು ಎಂದರ್ಥ. ಮೂರನೆಯದರಲ್ಲಿ ಬಂದ ಪಾಸಿಟಿವ್‌ಗೆ ಅಷ್ಟು ನೇರ ಅರ್ಥವಿಲ್ಲ, ಏಕೆಂದರೆ ಹಿರೇಬೇನೆಯ ಲಸಿಕೆ ಹಾಕಿಸಿದ ಕುರಿಯಲ್ಲಿಯೂ ಅದೇ ಪ್ರತಿಕಾಯಗಳು ವರ್ಷಗಟ್ಟಲೆ ಇರುತ್ತವೆ. ಲಸಿಕೆಯ ಇತಿಹಾಸವಿಲ್ಲದ ಪತ್ರ ಇಲ್ಲಿ ವರದಿಯನ್ನೇ ನಿರುಪಯೋಗಿಯಾಗಿಸುತ್ತದೆ. ಕಾಲುಬಾಯಿ ಬೇನೆಯಲ್ಲಾದರೆ ಸೋಂಕಿನಿಂದ ಬಂದ ಪ್ರತಿಕಾಯವನ್ನೂ ಲಸಿಕೆಯಿಂದ ಬಂದದ್ದನ್ನೂ ಬೇರ್ಪಡಿಸಬಲ್ಲ ಎಲಿಸಾ ಲಭ್ಯವಿದೆ.

ನೆಗೆಟಿವ್ ಎಂದರೆ ಕಳುಹಿಸಿದ ತುಂಡಿನಲ್ಲಿ ಸಿಗಲಿಲ್ಲ ಎಂದಷ್ಟೇ. ಹಿಂಡಿನಲ್ಲಿ ಸಾವು ಮುಂದುವರಿದಿದ್ದರೆ, ಹೊಸದಾಗಿ ಜ್ವರ ಬಂದ ಪ್ರಾಣಿಗಳಿಂದ ಮತ್ತೊಮ್ಮೆ ಮಾದರಿ ತೆಗೆಯಬೇಕು. ಜೊತೆಗೆ ಮೊದಲು ಸೀರಂ ತೆಗೆದ ಅದೇ ಪ್ರಾಣಿಗಳಿಂದ ಎರಡು-ಮೂರು ವಾರಗಳ ನಂತರ ಎರಡನೆಯ ಸೀರಂ ತೆಗೆದು ಎರಡನ್ನೂ ಹೋಲಿಸಿದರೆ, ಪ್ರತಿಕಾಯದ ಪ್ರಮಾಣ ನಾಲ್ಕು ಪಟ್ಟು ಏರಿದ್ದಾದರೆ ಸೋಂಕು ಇತ್ತೀಚಿನದೇ ಎಂದು ತಿಳಿಯುತ್ತದೆ. ಈ ಕಾರಣಕ್ಕಾಗಿ ಮೊದಲ ದಿನದ ಸೀರಂನಲ್ಲಿ ಒಂದು ಪಾಲನ್ನು ಆಸ್ಪತ್ರೆಯ ಫ್ರೀಜರಿನಲ್ಲಿ ಹೆಸರು ಬರೆದು ಉಳಿಸಿಕೊಂಡಿರಬೇಕು. ವರದಿ ಬರುವವರೆಗೆ ರೋಗಿ ಪ್ರಾಣಿಗಳನ್ನು ಬೇರೆ ದಡ್ಡಿಯಲ್ಲಿ ಕಟ್ಟಿ, ಅವುಗಳಿಗೆ ನೀರು-ಮೇವು ಹಾಕುವ ಕೆಲಸವನ್ನು ಕೊನೆಗಿಟ್ಟುಕೊಂಡು, ಹಿಂಡನ್ನು ಸಂತೆಗೂ ಸಾಮಾನ್ಯ ಕೆರೆಯ ನೀರಿಗೂ ಬಿಡದಿರುವುದು, ಮತ್ತು ಪರೀಕ್ಷೆಗೆ ತೆರೆದ ಶವವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಮಾಲೀಕರ ಪಾಲಿನ ಕೆಲಸ. ಹಿರೇಬೇನೆ ಖಚಿತವಾದರೆ ಸುತ್ತಲಿನ ಹಳ್ಳಿಗಳ ಆರೋಗ್ಯವಂತ ಆಡು-ಕುರಿಗಳಿಗೆ ಲಸಿಕೆ ಹಾಕಿಸುವ ಏರ್ಪಾಡು ಪಶುಪಾಲನಾ ಇಲಾಖೆಯಿಂದ ಆಗುತ್ತದೆ, ಆ ದಿನ ಹಿಂಡು ಊರಿನಲ್ಲಿ ಇರುವಂತೆ ನೋಡಿಕೊಳ್ಳಬೇಕು.